ಎರಡು ಇಂಚಿನ ಬರೆ, ಇಪ್ಪತ್ತು ನಿಮಿಷದ ನಲ್ಲಿ ನೀರು

ಈ ಪ್ರಕರಣ ನಮ್ಮ ಮನೆಯದೇ. ಸುಟ್ಟುಕೊಂಡವರು ನನ್ನ ಅತ್ತೆ. ವಯಸ್ಸು 66. ಎಂಟು ವರ್ಷದಿಂದ ಶುಗರ್ ಇದೆ, ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಹುಟ್ಟಿದ್ದು ಮಂಡ್ಯ ಕಡೆಯ ಹಳ್ಳಿಯಲ್ಲಿ, ಮದುವೆಯಾಗಿ ಮೈಸೂರಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ನಾನು ಕೌನ್ಸೆಲರ್. ಬೇರೆಯವರ ಮನೆಯ ಕಥೆ ಕೇಳಿ ಕೇಸ್ ಬರೆಯುವುದು ನನಗೆ ದಿನದ ಕೆಲಸ, ಆದರೆ ನಮ್ಮ ಮನೆಯದನ್ನು ಬರೆಯುತ್ತಿರುವುದು ಇದೇ ಮೊದಲು. ಅತ್ತೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರ್ಕೊ ಕಣವ್ವ, ಆದ್ರೆ ಒಬ್ಬಟ್ಟು ಸೀದು ಹೋಗ್ಲಿಲ್ಲ ಅನ್ನೋದನ್ನ ಮರೀದೆ ಬರಿ" ಅಂದರು. ಮೊದಲು ಅದನ್ನೇ ಬರೆಯುತ್ತೇನೆ. ಒಬ್ಬಟ್ಟು ಸೀದು ಹೋಗಲಿಲ್ಲ.

2025ರ ಯುಗಾದಿ. ಮಾರ್ಚ್ 30, ಭಾನುವಾರ, ಬೆಳಗ್ಗೆ ಒಂಬತ್ತೂವರೆ. ಹೂರಣ ಹಿಂದಿನ ರಾತ್ರಿಯೇ ರುಬ್ಬಿ ಇಟ್ಟಿದ್ದೆವು. ಕಣಕ ಎಣ್ಣೆಯಲ್ಲಿ ನೆನೆದು ಮೆತ್ತಗಾಗಿತ್ತು. ನಾನು ಬಾಳೆ ಎಲೆಯ ಮೇಲೆ ತಟ್ಟಿ ಕೊಡುವುದು, ಅತ್ತೆ ಕಬ್ಬಿಣದ ಹಂಚಿಗೆ ಹಾಕಿ ಬೇಯಿಸುವುದು. ಒಬ್ಬಟ್ಟು ಮಾಡಿದವರಿಗೆ ಈ ಕೆಲಸದ ಸೂಕ್ಷ್ಮ ಗೊತ್ತಿರುತ್ತದೆ. ತಟ್ಟಿದ ಒಬ್ಬಟ್ಟನ್ನು ಎಲೆ ಸಮೇತ ಅಂಗೈ ಮೇಲೆ ತೆಗೆದುಕೊಂಡು ಹಂಚಿನ ಮೇಲೆ ಬೋರಲು ಹಾಕಬೇಕು, ಎಲೆ ಬಿಸಿಗೆ ಬಾಡುತ್ತಿದ್ದ ಹಾಗೆ ಒಂದು ತುದಿಯಿಂದ ಮೆಲ್ಲಗೆ ಎಳೆಯಬೇಕು. ಬೇಗ ಎಳೆದರೆ ಕಣಕ ಹರಿದು ಹೂರಣ ಹೊರಗೆ ಬರುತ್ತದೆ, ತಡ ಮಾಡಿದರೆ ಎಲೆ ಅಂಟಿಕೊಳ್ಳುತ್ತದೆ. ಅಷ್ಟು ಹೊತ್ತೂ ಕೈ ಹಂಚಿನ ಮೇಲೆಯೇ ಇರುತ್ತದೆ.

ಇಪ್ಪತ್ತಮೂರನೇ ಒಬ್ಬಟ್ಟು. ಎಳೆಯುವಾಗ ಎಲೆಯ ತುದಿ ಹರಿಯಿತು. ಉಳಿದ ತುಂಡು ಹಿಡಿಯೋಣ ಅಂತ ಅತ್ತೆ ಕೈ ಬಗ್ಗಿಸಿದರು, ಬಲಗೈ ಮಣಿಕಟ್ಟಿನ ಒಳಭಾಗ ಹಂಚಿನ ಅಂಚಿಗೆ ಪೂರ್ತಿ ಒರಗಿತು. "ಸ್ಸ್" ಅಂದರು, ಅಷ್ಟೇ. ಕೂಗಲಿಲ್ಲ. ಎಡಗೈಯಲ್ಲಿ ಮಗುಚೋ ಕೈ ತೆಗೆದುಕೊಂಡು ಮೊದಲು ಒಬ್ಬಟ್ಟು ಮಗುಚಿದರು, ಆಮೇಲೆ ಕೈ ನೋಡಿಕೊಂಡರು. ಎರಡು ಇಂಚಿನ ಕೆಂಪು ಗೆರೆ, ಸ್ವಲ್ಪ ಬಾಗಿದ್ದು, ಹಂಚಿನ ಅಂಚನ್ನೇ ಅಚ್ಚು ಹಾಕಿದ ಹಾಗೆ.

ನಾನು ಒಲೆ ಆರಿಸಿ ಅವರನ್ನು ಹಿತ್ತಲಿನ ನಲ್ಲಿಗೆ ಕರೆದುಕೊಂಡು ಹೋದೆ. ಅಡುಗೆಮನೆ ನಲ್ಲಿಗೆ ಬರುವುದು ಟ್ಯಾಂಕ್ ನೀರು, ಆ ಕಾಲದಲ್ಲಿ ಬೆಳಗ್ಗೆಯೇ ಬೆಚ್ಚಗೆ ಬರುತ್ತದೆ. ಹಿತ್ತಲಿನದು ನೇರ ಕಾವೇರಿ ಲೈನ್, ತಣ್ಣಗಿರುತ್ತದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಸುಟ್ಟ ಜಾಗಕ್ಕೆ ಆ ಹೊತ್ತಿನಲ್ಲಿ ಮಾಡಬಹುದಾದ ಅತಿ ದೊಡ್ಡ ಉಪಕಾರ ಹರಿಯುವ ತಣ್ಣೀರು. ಅದೂ 20 ನಿಮಿಷ. ಹಂಚಿನಿಂದ ಕೈ ತೆಗೆದ ಕೂಡಲೇ ಸುಡುವುದು ನಿಲ್ಲುವುದಿಲ್ಲ. ಚರ್ಮ 44 ಡಿಗ್ರಿ ದಾಟಿದರೆ ಪೆಟ್ಟು ತಿನ್ನಲು ಶುರುವಾಗುತ್ತದೆ, ಒಬ್ಬಟ್ಟು ಕೆಂಪಗಾಗುವ ಹಂಚು 150 ಡಿಗ್ರಿ ದಾಟಿರುತ್ತದೆ, ಒಳಗೆ ಇಳಿದ ಆ ಬಿಸಿ ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಆಳಕ್ಕೆ ಇಳಿಯುತ್ತಲೇ ಇರುತ್ತದೆ. ನೀರು ಅದನ್ನು ಎಳೆದು ತೆಗೆಯುತ್ತದೆ. ಐಸ್ ಬೇಡ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಪೆಟ್ಟು. ತಕ್ಷಣ ಆಗದಿದ್ದರೂ ಮೂರು ಗಂಟೆಯ ಒಳಗೆ ನೀರು ಹಿಡಿದರೆ ಉಪಯೋಗ ಇದೆ.

ಕಷ್ಟ ಇರುವುದು ಆ 20 ನಿಮಿಷದಲ್ಲಿ. ಎಲ್ಲರೂ ಎರಡು ನಿಮಿಷ ಹಿಡಿದು "ಸಾಕು, ಕಡಿಮೆ ಆಯ್ತು" ಅಂತ ಕೈ ಒರೆಸಿಕೊಂಡು ಹೋಗುತ್ತಾರೆ. ಹಬ್ಬದ ದಿನ, ಒಲೆ ಮೇಲೆ ಅರ್ಧ ಬೆಂದ ಒಬ್ಬಟ್ಟು, ಒಬ್ಬಟ್ಟಿನ ಸಾರಿಗೆ ಇನ್ನೂ ಒಗ್ಗರಣೆ ಆಗಿಲ್ಲ. ಅಂಥಾ ಹೊತ್ತಲ್ಲಿ ನಮ್ಮ ಅತ್ತೆಯಂಥ ಹೆಂಗಸನ್ನು 20 ನಿಮಿಷ ನಲ್ಲಿ ಮುಂದೆ ನಿಲ್ಲಿಸುವುದು ಸುಮ್ನೆ ಮಾತಲ್ಲ.

ಅದಕ್ಕೂ ಮುಂಚೆ ಬಳೆಯ ವಿಷಯ ಬಂತು. ಸುಟ್ಟ ಕೈ ಊದಿಕೊಳ್ಳಬಹುದು, ಅದಕ್ಕೆ ಮೊದಲೇ ಬಳೆ, ಉಂಗುರ ತೆಗೆಯಬೇಕು. ಬಲಗೈಯಲ್ಲಿ ಹಬ್ಬಕ್ಕೆ ಅಂತ ಹಾಕಿಸಿಕೊಂಡ ಎಂಟು ಹಸಿರು ಗಾಜಿನ ಬಳೆ. ಯುಗಾದಿ ಬೆಳಗ್ಗೆ ಮುತ್ತೈದೆ ಕೈಯಿಂದ ಬಳೆ ತೆಗಿ ಅಂತ ಸೊಸೆ ಹೇಳುವುದು ಹೇಗೆ? ಹೇಳಿದೆ. ಅತ್ತೆ ನನ್ನ ಮುಖ ನೋಡಿದರು. ಮಾತಾಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಸೋಪು ತೆಗೆದುಕೊಂಡು ಕೈಗೆ ಸವರಿ, ಒಂದೊಂದೇ ಬಳೆ ಜಾರಿಸಿ, ಹಾಗೇ ಎಡಗೈಗೆ ಏರಿಸಿಕೊಂಡರು. ಒಂದೂ ಒಡೆಯಲಿಲ್ಲ. ಎಡಗೈಯಲ್ಲಿ ಹದಿನಾರು ಬಳೆ, ಬಲಗೈ ಬೋಳು. "ಈ ಕೈಗೆ ಇವತ್ತು ರಜ, ಆ ಕೈಗೆ ಎರಡು ಹಬ್ಬ" ಅಂದರು. ನನಗೆ ನಗು ಬಂತು, ಆದರೆ ನಗಲಿಲ್ಲ. ಅವರ ಕಣ್ಣಲ್ಲಿ ಇನ್ನೂ ನೀರಿತ್ತು.

ನಾಲ್ಕನೇ ನಿಮಿಷಕ್ಕೆ ಅವರ ತಮ್ಮ ಹಬ್ಬದ ಶುಭಾಶಯ ಹೇಳೋಕೆ ಫೋನ್ ಮಾಡಿದರು. ನಾನು ಸ್ಪೀಕರ್‌ಗೆ ಹಾಕಿ ಒಗೆಯುವ ಕಲ್ಲಿನ ಮೇಲೆ ಇಟ್ಟೆ.

"ಏನಕ್ಕೋ, ಒಬ್ಬಟ್ಟು ಆಯ್ತಾ?"

"ಎಲ್ಲಿ ಬಂತು ಕಣ್ಲಾ, ಕೈ ಸುಟ್ಕೊಂಡು ನಿಂತಿವ್ನಿ."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಗಾಬರಿ ದನಿಯಲ್ಲಿ, "ಎಷ್ಟು ಹೋಯ್ತಕ್ಕ? ಚೀಟಿ ದುಡ್ಡಾ? ನಾನು ಅವತ್ತೇ ಬಡ್ಕೊಂಡೆ, ಆ ಚೀಟಿಗೆ ಸೇರ್ಬೇಡ ಅಂತ!"

ಕನ್ನಡದಲ್ಲಿ ಕೈ ಸುಟ್ಟುಕೊಂಡರೆ ದುಡ್ಡು ಹೋಯಿತು ಅಂತಲೇ ಅಲ್ವಾ ಅರ್ಥ. ನಿಜವಾಗಿ ಕೈ ಸುಟ್ಟಿದೆ ಅಂತ ಅವರಿಗೆ ಹೊಳೆಯಲೇ ಇಲ್ಲ. ಅತ್ತೆ ನಲ್ಲಿ ನೀರಿನ ಕೆಳಗೆ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡು, "ಎರಡು ಇಂಚು ಹೋಯ್ತು ಕಣ್ಲಾ" ಅಂದರು. ಹೇಳಿ ಅವರೇ ಮೊದಲು ನಕ್ಕರು, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿ. ಆಗ ನಾನೂ ನಕ್ಕೆ. ಆ ಕಡೆ ಅವರ ತಮ್ಮನಿಗೆ ಅರ್ಥ ಆಗೋಕೆ ಇನ್ನೂ ಎರಡು ನಿಮಿಷ ಬೇಕಾಯಿತು. ಅರ್ಥ ಆದ ಮೇಲೆ ಅವರು ನಕ್ಕು, ಅದನ್ನು ಅವರ ಹೆಂಡತಿಗೆ ಹೇಳಿ, ಆಯಮ್ಮ ಫೋನ್ ತೆಗೆದುಕೊಂಡು ವಿಚಾರಿಸಿ, ಮಕ್ಕಳು ಮಾತಾಡಿ, ಮತ್ತೆ ತಮ್ಮನ ಕೈಗೆ ಫೋನ್ ಬಂದು, ಹೀಗೆ ಮಾತು ಮುಗಿಯುವಾಗ ನಾನು ಗಡಿಯಾರ ನೋಡಿದೆ. 22 ನಿಮಿಷ ಆಗಿತ್ತು. ಅಷ್ಟು ಹೊತ್ತೂ ಕೈ ನೀರಿನಲ್ಲೇ ಇತ್ತು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ನಗು ನೋವನ್ನು ಮರೆಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅವತ್ತು ಅದು ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. ನಾನು ಎಷ್ಟು ಬೇಡಿಕೊಂಡಿದ್ದರೂ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲದ ಹೆಂಗಸನ್ನು ನಗು 22 ನಿಮಿಷ ನಲ್ಲಿ ಕೆಳಗೆ ಹಿಡಿದು ನಿಲ್ಲಿಸಿತು. ನೋವು ತಡೆಯುವ ಮಾತೂ ಇದೆ. ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಜೊತೆಯವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ಹಾಸ್ಯದ ವಿಡಿಯೊ ತೋರಿಸಿ, ಅದರ ಮುಂಚೆ ಮತ್ತು ಆಮೇಲೆ, ತೋಳಿಗೆ ಕೊರೆಯುವ ತಣ್ಣನೆ ಪಟ್ಟಿ ಹಾಕಿಯೋ ಬಿಪಿ ನೋಡುವ ಪಟ್ಟಿ ಬಿಗಿದೋ ಎಷ್ಟು ತಡೆಯುತ್ತಾರೆ ಅಂತ ಅಳೆದರು. ಮನಸಾರೆ ನಕ್ಕವರು ನಕ್ಕ ಮೇಲೆ ಜಾಸ್ತಿ ತಡೆದರು. ಅವರು ಹೇಳಿದ್ದು ಜೊತೆಯಲ್ಲಿ ನಗುವುದರ ಬಗ್ಗೆ. ಅತ್ತೆಯೂ ಒಬ್ಬರೇ ನಗಲಿಲ್ಲ, ತಮ್ಮನ ಜೊತೆ ನಕ್ಕರು.

ಒಳಗೆ ಬಂದರೆ ಮನೆಮದ್ದುಗಳ ಸಾಲು. ಮಾವ ಟೂತ್‌ಪೇಸ್ಟ್ ಹಿಡಿದು ನಿಂತಿದ್ದರು. ಎದುರು ಮನೆ ಆಂಟಿ ಅರಿಶಿನ ಅಂದರು, ಅವರ ಮಗಳು ದೋಸೆ ಹಿಟ್ಟು ಅಂದಳು. ಟೊಮೇಟೊ ಹೋಳು, ಬೆಣ್ಣೆ, ತೆಂಗಿನೆಣ್ಣೆ ಎಲ್ಲದರ ಹೆಸರೂ ಬಂತು. ಯಾವುದನ್ನೂ ಹಚ್ಚಬಾರದು. ಎಣ್ಣೆ, ಬೆಣ್ಣೆ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಪೇಸ್ಟು ಉರಿ ಹೆಚ್ಚಿಸುತ್ತದೆ, ಹಿಟ್ಟು ಅರಿಶಿನದಿಂದ ಸೋಂಕು ತಗುಲಬಹುದು, ಜೊತೆಗೆ ಡಾಕ್ಟರಿಗೆ ಗಾಯ ಕಾಣುವುದೇ ಇಲ್ಲ. ಆದರೆ ಪ್ರೀತಿಯಿಂದ ತಂದವರಿಗೆ ಬೇಡ ಅನ್ನುವುದು ಹೇಗೆ? ಅದನ್ನೂ ಅತ್ತೆಯೇ ನೋಡಿಕೊಂಡರು. "ಟೊಮೇಟೊ, ಅರಿಶಿನ, ಎಣ್ಣೆ ಎಲ್ಲಾ ಆಯ್ತು, ಇನ್ನೊಂಚೂರು ಉಪ್ಪು ಹಾಕುದ್ರೆ ನನ್ ಕೈಯಲ್ಲೇ ಸಾರು ಮಾಡ್ಬೋದು" ಅಂದರು. ಯಾರಿಗೂ ಬೇಜಾರಾಗಲಿಲ್ಲ, ಎಲ್ಲವೂ ವಾಪಸ್ ಹೋದವು. ನಾನು ಒಗೆದ ತೆಳು ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿದೆ.

ಹನ್ನೊಂದೂವರೆಗೆ ಗೆರೆಯ ಮೇಲೆ ಕಡಲೆ ಬೇಳೆ ಗಾತ್ರದ ಒಂದು ಬೊಬ್ಬೆ ಎದ್ದಿತ್ತು. "ನಾನು ಬೊಬ್ಬೆ ಹೊಡೀನಿಲ್ವಲ್ಲ, ಅದಕ್ಕೆ ಕೈಯೇ ಹೊಡ್ಕತಾ ಐತೆ" ಅಂದರು ಅತ್ತೆ. ಒಂದೇ ಪದಕ್ಕೆ ಗುಳ್ಳೆ ಅಂತಲೂ ಕಿರುಚಾಟ ಅಂತಲೂ ಅರ್ಥ. ಅದನ್ನು ಅಷ್ಟು ವರ್ಷ ಬಳಸಿದ ನನಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಊಟದ ಹೊತ್ತಿಗೆ.

ಎಲೆ ಮುಂದೆ ಎಲ್ಲರೂ ಕೂತಿದ್ದೆವು. ಬೆಳಗ್ಗೆಯಿಂದ ನಗು ನಡೆದೇ ಇದೆ ಅಂತ ನನ್ನ ಗಂಡನೂ ಒಂದು ಮಾತು ಸೇರಿಸಿದರು. "ಅಮ್ಮ, ನಿಂಗೆ ಕೈ ಯಾವುದು ಒಬ್ಬಟ್ಟು ಯಾವುದು ಅಂತ ಗೊತ್ತಾಗ್ತಿಲ್ಲ. ವಯಸ್ಸಾಯ್ತು, ಇನ್ಮೇಲೆ ಅಡುಗೆಮನೆ ಕಡೆ ಹೋಗ್ಬೇಡ." ಪಂಕ್ತಿಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಎಡಗೈಯಲ್ಲಿ ತುಪ್ಪ ಬಡಿಸುತ್ತಿದ್ದವರು ತುಪ್ಪದ ಗಿಂಡಿ ಕೆಳಗಿಟ್ಟು ರೂಮಿಗೆ ಹೋದರು. ಸಂಜೆ ನಾನು ಕಾಫಿ ತೆಗೆದುಕೊಂಡು ಹೋದಾಗ ಕಿಟಕಿ ಕಡೆ ತಿರುಗಿ ಮಲಗಿದ್ದರು. "ಹಬ್ಬದ ದಿನಾನೇ ಸುಡ್ತು. ಈ ವರ್ಷ ಇನ್ನೂ ಏನೇನು ಸುಡುತ್ತೋ" ಅಂದರು.

ಬೆಳಗ್ಗೆ ನಕ್ಕ ಹೆಂಗಸು, ಅದೇ ಗಾಯ, ಮಾತೂ ಹೆಚ್ಚು ಕಡಿಮೆ ಅದೇ ತರಹದ್ದು. ಏನು ಬದಲಾಯಿತು?

ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಜೊತೆಯವರು 2003ರಲ್ಲಿ ಜನ ಹಾಸ್ಯವನ್ನು ಹೇಗೆಲ್ಲಾ ಬಳಸುತ್ತಾರೆ ಅಂತ ನಾಲ್ಕು ಬಗೆ ಮಾಡಿದರು. ಎಲ್ಲರನ್ನೂ ಹತ್ತಿರ ತರುವುದು, ಕಷ್ಟದಲ್ಲಿ ತನಗೆ ತಾನೇ ಧೈರ್ಯ ತಂದುಕೊಳ್ಳುವುದು, ಇನ್ನೊಬ್ಬರನ್ನು ಚುಚ್ಚುವುದು, ತನ್ನನ್ನೇ ಕೀಳು ಮಾಡಿಕೊಳ್ಳುವುದು. ಕೆಲಸದಲ್ಲಿ ನಾನು ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಅವತ್ತು ಪಂಕ್ತಿಯಲ್ಲಿ ಕೂತು ನೋಡಿದಾಗ ತಿಳಿದದ್ದು ಇನ್ನೂ ಸರಳ. ಬೆಳಗ್ಗೆಯ ಮಾತುಗಳೆಲ್ಲ ಕೈಯ ಬಗ್ಗೆ ಇದ್ದವು. ಗಂಡನ ಮಾತು ಅತ್ತೆಯ ಬಗ್ಗೆ ಇತ್ತು. ಎರಡು ಇಂಚು ಸುಟ್ಟಿದ್ದಕ್ಕೆ ನಲವತ್ತು ವರ್ಷದ ಅಡುಗೆಮನೆಯನ್ನೇ ಕಿತ್ತುಕೊಂಡ ಹಾಗಾಯಿತು. ಅವರಿಗೆ ನಿಜವಾಗಿ ಇದ್ದ ಹೆದರಿಕೆಯೂ ಅದೇ, ಕೈ ನಡುಗುತ್ತಿದೆಯಾ, ಕಣ್ಣು ಮಂಜಾಗುತ್ತಿದೆಯಾ, ಇನ್ನು ನನ್ನನ್ನು ಮೂಲೆಗೆ ಕೂರಿಸುತ್ತಾರಾ ಅಂತ. ಮಗ ತಮಾಷೆ ಅಂದುಕೊಂಡೇ ಸರಿಯಾಗಿ ಅಲ್ಲಿಗೇ ಕೈ ಹಾಕಿದರು. ಗಾಯದ ಮೇಲೆ ಬರೆ ಎಳೆಯುವುದು ಅನ್ನುತ್ತಾರಲ್ಲ, ಅದು ಅವತ್ತು ನಮ್ಮ ಮನೆಯಲ್ಲಿ ಅಕ್ಷರಕ್ಕೆ ಅಕ್ಷರ ನಡೆಯಿತು.

ಸೋಮವಾರ ಬೆಳಗ್ಗೆ ಡಾಕ್ಟರ್ ಹತ್ತಿರ ಹೋದೆವು. ಗಾಯ ಚಿಕ್ಕದು, ಆದರೆ ಅತ್ತೆಗೆ ಶುಗರ್ ಇದೆ, ಸುಟ್ಟದ್ದೂ ಮಣಿಕಟ್ಟಿನ ಕೀಲಿನ ಮೇಲೆ. ಶುಗರ್ ಇದ್ದವರಿಗೆ ಗಾಯ ತಡವಾಗಿ ಮಾಗುತ್ತದೆ, ಸೋಂಕು ಬೇಗ ಆಗುತ್ತದೆ, ಅದಕ್ಕೆ ಸಣ್ಣದಾದರೂ ತೋರಿಸಬೇಕು. ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೋ ಕೀಲಿಗೋ ಆಗಿದ್ದರೆ, ಚಿಕ್ಕ ಮಕ್ಕಳಿಗೆ ಆಗಿದ್ದರೆ, ಯಾರಾದರೂ ಸರಿ ತೋರಿಸಲೇಬೇಕು. ಡಾಕ್ಟರ್ ಬೊಬ್ಬೆ ಒಡೆಯಲಿಲ್ಲ, ನೀವೂ ಒಡೆಯಬೇಡಿ ಅಂದರು. ಅಂಟದ ಗಾಜ್ ಬಟ್ಟೆ ಹಾಕಿ ಸುತ್ತಿದರು, ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಅಂತ ಕೇಳಿ ಒಂದು ಕೊಟ್ಟರು. ದಾರಿಯುದ್ದಕ್ಕೂ ಅತ್ತೆ ಒಂದು ಮಾತೂ ಆಡಲಿಲ್ಲ.

ಹೊಸತೊಡಕು, ಅಂದರೆ ಹಬ್ಬದ ಬಾಡೂಟ, ಯುಗಾದಿಯ ಮಾರನೇ ದಿನವೇ ಆಗಬೇಕಿತ್ತು. ಸೋಮವಾರ ನಮ್ಮ ಮನೆಯಲ್ಲಿ ಬಾಡು ತಿನ್ನುವುದಿಲ್ಲ, ಹಾಗಾಗಿ ಮಂಗಳವಾರಕ್ಕೆ ಹಾಕಿಕೊಂಡಿದ್ದೆವು. ಹತ್ತು ಹನ್ನೆರಡು ಜನ ಬರುವವರು. ಮಟನ್ ಸಾರಿನ ಖಾರ ಪ್ರತಿ ವರ್ಷ ಅತ್ತೆಯೇ ರುಬ್ಬಿಸುವುದು. ಸೋಮವಾರ ರಾತ್ರಿ ನಾನು ಗಂಡನಿಗೆ ಒಂದೇ ಮಾತು ಹೇಳಿದೆ. ಕ್ಷಮೆ ಕೇಳೋದು ನಿಮಗೆ ಬಿಟ್ಟಿದ್ದು, ಆದರೆ ನಾಳೆ ಅಡುಗೆಮನೆ ಅವರದ್ದೇ ಆಗಿರಬೇಕು.

ಮಂಗಳವಾರ ಬೆಳಗ್ಗೆ ಗಂಡ ಅಡುಗೆಮನೆಯ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿದರು. ಅಮ್ಮನನ್ನು ಕರೆತಂದು ಕೂರಿಸಿ, ಧನಿಯಾ ಡಬ್ಬಿ ಹಿಡಿದು ಅವರ ಮುಂದೆ ನಿಂತು, "ಎಷ್ಟು ಹಾಕ್ಲಿ ಹೇಳಮ್ಮ, ನಂಗೆ ಗೊತ್ತಿಲ್ಲ" ಅಂದರು. ಅತ್ತೆ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. "ಎರಡು ಹಿಡಿ. ನಿನ್ ಹಿಡಿ ಅಲ್ಲ, ನನ್ ಹಿಡಿ" ಅಂದರು. ಹಾಗಾದರೆ ನಿನ್ನ ಹಿಡಿ ಎಷ್ಟು ಅಂತ ಮಗ ಕೇಳಿದ್ದಕ್ಕೆ ಎಡಗೈಯನ್ನೇ ಡಬ್ಬಿಗೆ ಹಾಕಿ ತೋರಿಸಿದರು, ಹದಿನಾರು ಬಳೆಯೂ ಡಬ್ಬಿ ಅಂಚಿಗೆ ತಾಗಿ ಸದ್ದಾಯಿತು. ಹನ್ನೆರಡು ಗಂಟೆಯವರೆಗೂ ಮಗನನ್ನು ಕುಣಿಸಿದರು. ಈರುಳ್ಳಿ ಇನ್ನೂ ಕೆಂಪಗಾಗಲಿ, ಚಕ್ಕೆ ಜಾಸ್ತಿ ಆಯ್ತು, ಉರಿ ಕಡಿಮೆ ಮಾಡು. ಬಂದವರಿಗೆಲ್ಲ "ಇವತ್ತು ಕೈ ಇವನದು, ಬಾಯಿ ನನ್ನದು" ಅಂತ ಹೇಳುತ್ತಿದ್ದರು.

ಹೊಸತೊಡಕಿನ ದಿನ ಏನು ಮಾಡುತ್ತೀವೋ ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇದೆ. ಅವತ್ತು ಅಳಬಾರದು, ಜಗಳ ಆಡಬಾರದು. ಮಾವ ಅದನ್ನೇ ನೆನಪಿಸಿದರು. "ಭಾನುವಾರದ್ದು ಲೆಕ್ಕಕ್ಕಿಲ್ಲ, ಇವತ್ತಿನದು ಲೆಕ್ಕ ಅಂತ ನೀನೇ ಹೇಳ್ತಿದ್ದೆ. ಇವತ್ತು ನಗು, ಸಾಕು." ಅತ್ತೆಯ ಮನಸ್ಸಿಗೆ ಅದು ನನ್ನ ಯಾವ ಸಮಾಧಾನಕ್ಕಿಂತಲೂ ಚೆನ್ನಾಗಿ ನಾಟಿತು.

ಅವತ್ತು ಸುಟ್ಟ ಕಥೆಯನ್ನು ಅತ್ತೆ ನನಗೆ ಕೇಳಿಸಿದಂತೆ ಆರು ಸಲ ಹೇಳಿದರು. ಪ್ರತಿ ಸಲ ಒಂದೊಂದು ಸೇರಿತು. ತಮ್ಮನ ಗಾಬರಿ ದನಿಯನ್ನು ಅನುಕರಿಸಿ ತೋರಿಸಿದರು. ಎದುರು ಮನೆ ಆಂಟಿಗೆ, "ನೀವು ಅರವತ್ತು ಒಬ್ಬಟ್ಟು ಮಾಡುದ್ರಿ ಅಂತ ಕೇಳಿ ನಾನೂ ಹೊರಟೆ, ಹುಲಿ ನೋಡಿ ನರಿ ಬರೆ ಹಾಕ್ಕೊಂಡಂಗಾಯ್ತು ನೋಡಿ" ಅಂತ ಕಟ್ಟು ಹಾಕಿದ ಕೈ ಎತ್ತಿ ತೋರಿಸಿದರು. ಇದೇ ಗಾದೆಯನ್ನು ಅವರ ಬಗ್ಗೆ ನಾನು ಹೇಳಿದ್ದರೆ ಮನೆಯಲ್ಲಿ ಒಂದು ತಿಂಗಳು ಮಾತು ನಿಲ್ಲುತ್ತಿತ್ತು. ಅವರ ಗಾಯ, ಅವರ ಗಾದೆ. ಸುಟ್ಟುಕೊಂಡವರು ಬಾಗಿಲು ತೆಗೆದ ಮೇಲೆ ಮಾತ್ರ ಉಳಿದವರು ಒಳಗೆ ಹೋಗಬಹುದು, ಅದೂ ಅವರು ತೆಗೆದಷ್ಟೇ.

ಸ್ವಲ್ಪ ದಿನ ಬಿಟ್ಟು ನಗಬೇಕು, ತಕ್ಷಣ ನಗುವುದು ಸರಿಯಲ್ಲ ಅನ್ನುವವರಿದ್ದಾರೆ. ಸಣ್ಣ ಗಾಯದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಮೆಕ್‌ಗ್ರಾ ಮತ್ತು ಜೊತೆಯವರು 2012ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಕಾರು ಗುದ್ದಿದಂಥ ದೊಡ್ಡ ಘಟನೆ ವರ್ಷಗಳ ಹಿಂದಿನದಾದರೆ ಜನ ನಗಬಲ್ಲರು. ಕಾಲ್ಬೆರಳು ಎಡವಿದಂಥ ಸಣ್ಣದು ನಿನ್ನೆ ಆದದ್ದಾದರೇ ಹೆಚ್ಚು ನಗು, ಹಳೆಯದಾದರೆ ಸಪ್ಪೆ. ಹಂಚಿನ ಬರೆ ಕಾಲ್ಬೆರಳಿನ ಜಾತಿಯದು. ಬಿಸಿಬಿಸಿ ಇದ್ದಾಗಲೇ ಬಡಿಸಬೇಕು.

ಒಂದು ಮಾತು ಮಾತ್ರ ಬಿಡುವ ಹಾಗಿಲ್ಲ. ನನ್ನ ಮುಂದೆ ಕೂತ ಹೆಣ್ಣುಮಗಳು ಕೈ ಮೇಲಿನ ಸುಟ್ಟ ಗುರುತು ಮುಚ್ಚಿಕೊಂಡು, ನಗುತ್ತಾ, "ಏನಿಲ್ಲ ಮೇಡಂ, ಹಂಚು ತಾಗ್ತು" ಅಂದರೆ ನಾನು ಜೊತೆಗೆ ನಗುವುದಿಲ್ಲ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಮತ್ತೊಮ್ಮೆ ಕೇಳುತ್ತೇನೆ. ಸೊಸೆಯಂದಿರ ಮೈ ಮೇಲಿನ ಸುಟ್ಟ ಗಾಯಕ್ಕೆ ನಮ್ಮ ನಾಡಿನಲ್ಲಿ ಬೇರೆಯೇ ಒಂದು ಚರಿತ್ರೆ ಇದೆ. ನಿಜವಾಗಿ ಹಂಚು ತಾಗಿದವರು ಕಥೆಯನ್ನು ಉದ್ದ ಮಾಡಿ ಹೇಳುತ್ತಾರೆ, ಎಲೆ ಹರಿದದ್ದು, ಒಬ್ಬಟ್ಟು ಎಷ್ಟನೆಯದು ಅನ್ನುವುದೆಲ್ಲ ಇರುತ್ತದೆ. ಮುಚ್ಚಿಡುವವರ ನಗು ಒಂದೇ ಸಾಲಿಗೆ ಮುಗಿಯುತ್ತದೆ. ಇದು ಅಳತೆಗೋಲಲ್ಲ, ಆದರೆ ಕೇಳುವಾಗ ನಾನು ಇದಕ್ಕೆ ಕಿವಿ ಕೊಡುತ್ತೇನೆ.

ಮಂಗಳವಾರ ಮಧ್ಯಾಹ್ನ ಅತ್ತೆಯ ತಮ್ಮನೂ ಊಟಕ್ಕೆ ಬಂದಿದ್ದರು. ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಒಂದು ಕವರ್ ತೆಗೆದು ಅಕ್ಕನ ಎಡಗೈಗೆ ಕೊಟ್ಟರು. ಒಳಗೆ ಐನೂರರ ನೋಟು. "ಇಂಚಿಗೆ ಇನ್ನೂರೈವತ್ತು. ನಷ್ಟ ತುಂಬ್ಕೊಟ್ಟಿವ್ನಿ" ಅಂದರು. ಅತ್ತೆ ಕವರನ್ನು ಅಕ್ಕಿ ಡಬ್ಬದೊಳಗೆ ಇಟ್ಟರು.

ಗಾಯ ಮಾಗೋಕೆ ಹದಿನೇಳು ದಿನ ಹಿಡಿಯಿತು. ಐದನೇ ದಿನ ಬೊಬ್ಬೆ ತಾನೇ ಕುಗ್ಗಿತು, ಹತ್ತನೇ ದಿನ ಸಿಪ್ಪೆ ಎದ್ದು ಕೆಳಗೆ ಗುಲಾಬಿ ಬಣ್ಣದ ಚರ್ಮ ಕಾಣಿಸಿತು. ಆರನೇ ದಿನಕ್ಕೇ ಅತ್ತೆ ಒಲೆ ಮುಂದೆ ನಿಂತಿದ್ದರು, ಹಂಚು ಮಾತ್ರ ಹಿಂದಿನ ಒಲೆಗೆ ಸರಿದಿತ್ತು. ಅವರ ತಮ್ಮ ಎರಡು ಮೂರು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. ನೇರವಾಗಿ, "ಅಕ್ಕೋ, ಮಾರ್ಕೆಟ್ ಹೆಂಗೈತೆ?"

ಅತ್ತೆ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಮಣಿಕಟ್ಟನ್ನು ಕಿಟಕಿ ಬೆಳಕಿಗೆ ತಿರುಗಿಸಿ ಗೆರೆಯನ್ನು ಸರಿಯಾಗಿ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದರು.

"ಇಳೀತಾ ಐತೆ ಕಣ್ಲಾ."